ಬನವಾಸಿ ಶೆಟ್ಟರ ಒಂದೇ ಒಂದು ಸಾಲು

ಲೋಣಾವಳಾಕ್ಕೆ ಹೋದವರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಾರೆ. ಭುಶಿ ಡ್ಯಾಮಿನ ಮೆಟ್ಟಿಲ ಮೇಲೆ ಕೂತು ನೆನೆಯುತ್ತಾರೆ. ಟೈಗರ್ ಪಾಯಿಂಟಿಗೆ ಹೋಗಿ, ಮಂಜು ಮುಚ್ಚಿ ಏನೂ ಕಾಣಲಿಲ್ಲ ಎಂದು ಗೊಣಗಿ, ಆ ಮಂಜಿನದೇ ನಲವತ್ತು ಫೋಟೊ ತೆಗೆಯುತ್ತಾರೆ. ವಾಪಸು ಬರುವಾಗ ನೆಂಟರ ಲೆಕ್ಕ ಹಾಕಿ ಚಿಕ್ಕಿ ಕಟ್ಟಿಸಿಕೊಳ್ಳುತ್ತಾರೆ. ಮೂರನ್ನೂ ಮುಗಿಸಿ, ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ನಾನು ಕಾರ್ಲಾ ಗುಹೆಗೆ ಹೋದೆ. ಏಕವೀರಾ ದೇವಿಯ ಭಕ್ತರ ಜೊತೆ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಟಿಕೆಟ್ ಕೊಂಡು ಒಳಗೆ ಕಾಲಿಟ್ಟರೆ ಎದುರಿಗೇ ಬಂಡೆಯಲ್ಲಿ ಕೊರೆದ ಆ ಮಹಾ ಚೈತ್ಯ.

ನಾನು ಹುಡುಕಿಕೊಂಡು ಹೋದದ್ದು ಚೈತ್ಯವನ್ನಲ್ಲ, ಅದರ ಮೊಗಸಾಲೆಯ ಎಡಗೋಡೆಯಲ್ಲಿರುವ ಒಂದು ಸಾಲನ್ನು. ಕೆಳಗೆ ಕಲ್ಲಿನ ಆನೆಗಳು, ಮೇಲೆ ಬ್ರಾಹ್ಮಿ ಅಕ್ಷರ. ಸುಮಾರು 1,900 ವರ್ಷದ ಹಿಂದೆ ನಮ್ಮ ಬನವಾಸಿಯ ಒಬ್ಬ ಶ್ರೀಮಂತ ಇಲ್ಲಿಯವರೆಗೆ ಬಂದು, ದುಡ್ಡು ಸುರಿದು, ಹೆಸರು ಕೆತ್ತಿಸಿ ಹೋಗಿದ್ದಾನೆ. ಇಷ್ಟು ದುಡ್ಡನ್ನು ನ್ಯಾಯವಾಗಿ ಗಳಿಸಲು ಸಾಧ್ಯವೇ ಎಂದು ಈಗಿನ ಕೋಟ್ಯಧಿಪತಿಗಳನ್ನು ಕೇಳಿದರೆ ಅವರ ಸೆಕ್ರೆಟರಿ ಸಮಯ ಕೊಡುವುದಿಲ್ಲ. ಶಾಸನಕ್ಕೆ ಸೆಕ್ರೆಟರಿ ಇಲ್ಲ. ನೋಟ್‌ಬುಕ್ ತೆಗೆದೆ.

ನಾನು: ನಮಸ್ಕಾರ. ಕನ್ನಡದಲ್ಲಿ ಮಾತಾಡಬಹುದೇ?

ಶಾಸನ: ಮಾತಾಡು ತಮಾ. ನನ್ನ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಿಳಾಸ ಮಹಾರಾಷ್ಟ್ರ. ಆದರೆ ಯಜಮಾನರ ಊರು ವೈಜಯಂತಿ, ಅಂದರೆ ನಿಮ್ಮ ಬನವಾಸಿ. ಆ ಕಡೆಯವರು ಬಂದು ಮಾತಾಡಿಸಿ ಬಹಳ ದಿನವಾಯಿತು. ಲೆಕ್ಕ ಹಾಕಿದರೆ ಸುಮಾರು ಏಳು ಲಕ್ಷ ದಿನ.

ನಾನು: ಪಂಪ ಬನವಾಸಿಯನ್ನು ಹೊಗಳಿದ್ದು ನಮಗೆಲ್ಲ ಗೊತ್ತು...

ಶಾಸನ: ಪಂಪ ಹತ್ತನೇ ಶತಮಾನದವನು. ನಮ್ಮ ಮುಂದೆ ಮೊನ್ನೆಯ ಹುಡುಗ.

ನಾನು: ನಿಮ್ಮಲ್ಲಿ ಏನು ಬರೆದಿದೆ, ಓದುಗರಿಗೆ ಹೇಳುತ್ತೀರಾ?

ಶಾಸನ: ವೈಜಯಂತಿಯ ಶ್ರೇಷ್ಠಿ ಭೂತಪಾಲ ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದ, ಇದು ಇಡೀ ಜಂಬೂದ್ವೀಪದಲ್ಲೇ ಶ್ರೇಷ್ಠವಾದದ್ದು. ಅಷ್ಟೆ. ಶ್ರೇಷ್ಠಿ ಅಂದರೆ ನಿಮ್ಮ ಬಾಯಲ್ಲಿ ಸವೆದು ಸವೆದು ಶೆಟ್ಟಿ ಆಗಿದೆಯಲ್ಲ, ಅದೇ.

ನಾನು: ಇಡೀ ಜಂಬೂದ್ವೀಪದಲ್ಲೇ! ಸ್ವಲ್ಪ ಹೆಚ್ಚಾಗಲಿಲ್ಲವೇ?

ಶಾಸನ: ಒಳಗೆ ಹೋಗಿ ನೋಡಿ ಬಂದು ಆಮೇಲೆ ಹೇಳು. ಒಂದೊಂದು ಬದಿಗೆ ಹದಿನೈದು ಕಂಬ, ಸ್ತೂಪದ ಹಿಂದೆ ಏಳು. ಕಮಾನಿನ ಕೆಳಗೆ ಆಗ ಹಾಕಿದ ಮರದ ಪಕ್ಕೆಗಳು ಇವತ್ತಿಗೂ ಇವೆ. ನಿಮ್ಮಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ‘ವರ್ಲ್ಡ್ ಕ್ಲಾಸ್’ ಎಂದು ಬೋರ್ಡು ಹಾಕುತ್ತಾರೆ, ಮೂರನೇ ಮಳೆಗಾಲಕ್ಕೆ ಬಾತ್‌ರೂಮು ಸೋರುತ್ತದೆ. ನಮ್ಮ ಶೆಟ್ಟರ ಜಂಬ ಇನ್ನೂ ಸೋರಿಲ್ಲ.

ನಾನು: ಹಾಗಾದರೆ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಶೆಟ್ಟರು ಇಷ್ಟು ದುಡ್ಡು ಹೇಗೆ ಗಳಿಸಿದರು?

(ಶಾಸನ ಸುಮ್ಮನಿತ್ತು. ಮೇಲಿನ ಗೂಡಿನಲ್ಲಿ ಒಂದು ಪಾರಿವಾಳ ರೆಕ್ಕೆ ಕೊಡವಿತು. ಉತ್ತರಕ್ಕೆಂದು ನಾನು ನೋಟ್‌ಬುಕ್ಕಿನಲ್ಲಿ ಅರ್ಧ ಪುಟ ಖಾಲಿ ಬಿಟ್ಟೆ.)

ಶಾಸನ: ಮುಂದಿನ ಪ್ರಶ್ನೆ ಕೇಳು.

ನಾನು: ಇದಕ್ಕೇ ಉತ್ತರ ಬೇಕಿತ್ತು.

ಶಾಸನ: ನನ್ನಲ್ಲಿ ಬರೆದಿದ್ದರೆ ಹೇಳುತ್ತಿದ್ದೆ. ನಾನು ಶಾಸನ ತಮಾ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಅಲ್ಲ. ಊರು ಬರೆಸಿದರು, ಹೆಸರು ಬರೆಸಿದರು, ಮಾಡಿಸಿದ ಕೆಲಸ ಬರೆಸಿದರು, ಅದಕ್ಕೊಂದು ಶಹಬ್ಬಾಸ್‌ಗಿರಿಯನ್ನೂ ತಾವೇ ಬರೆಸಿಕೊಂಡರು. ದುಡ್ಡು ಬಂದ ದಾರಿ ಮಾತ್ರ ಬರೆಸಲಿಲ್ಲ. ಬಂಡೆಯಲ್ಲಿ ಜಾಗವಿತ್ತು. ನೋಡು, ಪಕ್ಕದಲ್ಲಿ ಇನ್ನೂ ಖಾಲಿಯೇ ಇದೆ.

ನಾನು: ಆ ಕಾಲದಲ್ಲಿ ಹಾಗೆ ಬರೆಸುವ ರೂಢಿಯೇ ಇರಲಿಲ್ಲವೇನೋ?

ಶಾಸನ: ಯಾರು ಹೇಳಿದರು? ಬಾಗಿಲ ಹತ್ತಿರ ಹೋಗಿ ನೋಡು. ಧೇನುಕಾಕಟದ ಸಾಮಿ ಎಂಬ ಬಡಗಿ, ವೇಣುವಾಸನ ಮಗ, ಬಾಗಿಲು ಮಾಡಿದ ಎಂದು ಬರೆದಿದೆ. ಇನ್ನೊಂದು ಕಡೆ ಸಿಂಹದತ್ತ ಎಂಬ ಗಂಧದ ವ್ಯಾಪಾರಿಯ ಹೆಸರಿದೆ. ಬಡಗಿಯ ದುಡ್ಡು ಎಲ್ಲಿಂದ ಬಂತು? ಉಳಿಯಿಂದ. ಸಿಂಹದತ್ತನದು? ಮೂಗಿಗೆ ಹಿಡಿದರೆ ತಿಳಿಯುತ್ತದೆ. ಆಷಾಢಮಿತ್ರೆ ಎಂಬ ಭಿಕ್ಷುಣಿ ಕೂಡ ದಾನ ಕೊಟ್ಟಿದ್ದಾಳೆ. ಅವಳ ಆದಾಯದ ಮೂಲ ಅವಳ ಬಿರುದಿನಲ್ಲೇ ಇದೆ. ಇಂಥ ಸಣ್ಣ ದಾನಿಗಳು ಕಸುಬಿನ ಸಮೇತ ಬಂದಿದ್ದಾರೆ. ದೊಡ್ಡವರು ಬರೀ ದೊಡ್ಡವರಾಗಿ ಬಂದಿದ್ದಾರೆ.

ನಾನು: ಕಂಬಗಳನ್ನೂ ಬೇರೆಯವರೇ ಕೊಟ್ಟಿದ್ದಾರಂತೆ?

ಶಾಸನ: ಧೇನುಕಾಕಟದ ಯವನರು ಒಬ್ಬೊಬ್ಬರು ಒಂದೊಂದು ಕಂಬ ಕೊಟ್ಟರು. ಕೊಟ್ಟಷ್ಟನ್ನೇ ಬರೆಸಿದರು: ಇಂಥವನು, ಈ ಕಂಬ. ನಮ್ಮವರು ‘ಪೂರ್ತಿ’ ಎಂದು ಬರೆಸಿದರು. ಊರಿನವರೆಲ್ಲ ಸೇರಿ ಕಟ್ಟಿದ ಕಲ್ಯಾಣಮಂಟಪಕ್ಕೆ ಕೊನೆಯಲ್ಲಿ ಸುಣ್ಣ ಹೊಡೆಸಿದವನ ಹೆಸರು ಬಂದ ಹಾಗೆ ಆಗಲಿಲ್ಲವಲ್ಲ ಎಂದು ನನಗೇ ಒಮ್ಮೊಮ್ಮೆ ಅನುಮಾನ.

ನಾನು: ಅಂದರೆ ದಾನಶಾಸನಗಳನ್ನೇ ಅನುಮಾನದಿಂದ ಓದಬೇಕೇ?

ಶಾಸನ: ಇಲ್ಲೇ ನನ್ನ ನೆರೆಮನೆಯವನ ಕಥೆ ಕೇಳು. ನಹಪಾನ ಎಂಬ ಕ್ಷತ್ರಪ ರಾಜನ ಅಳಿಯ ಉಷವದಾತ. ಮೂರು ಲಕ್ಷ ಗೋವು ಕೊಟ್ಟೆ, ಹದಿನಾರು ಹಳ್ಳಿ ಕೊಟ್ಟೆ, ವರ್ಷವರ್ಷ ಲಕ್ಷ ಜನಕ್ಕೆ ಊಟ ಹಾಕಿದೆ ಎಂದು ಪಟ್ಟಿ ಕೊಟ್ಟು, ಕೊನೆಗೆ ಇಲ್ಲಿಯ ಭಿಕ್ಷುಗಳ ಖರ್ಚಿಗೆ ಕರಜಿಕ ಎಂಬ ಹಳ್ಳಿಯನ್ನು ದಾನ ಮಾಡಿದ್ದಾನೆ. ಆಮೇಲೆ ಶಾತವಾಹನ ಗೌತಮೀಪುತ್ರ ಶಾತಕರ್ಣಿ ಈ ಸೀಮೆಯನ್ನು ಗೆದ್ದ. ಗೆದ್ದವನು ಏನು ಮಾಡಿದ ಗೊತ್ತೇ? ಅದೇ ಕರಜಿಕವನ್ನು ಅದೇ ಭಿಕ್ಷುಗಳಿಗೆ ಇನ್ನೊಮ್ಮೆ ದಾನ ಮಾಡಿದ. ಹಳ್ಳಿ ಒಂದು, ಪುಣ್ಯ ಎರಡು.

ನಾನು: ಹಳ್ಳಿಯವರು ಏನೆಂದರಂತೆ?

ಶಾಸನ: ಅವರ ಶಾಸನ ಎಲ್ಲಿದೆ? ಉತ್ತವರು ಅವರು, ಬಿತ್ತವರು ಅವರು, ದಾನಿ ಮಾತ್ರ ರಾಜನ ಅಳಿಯ. ನಿಮ್ಮ ಕಡೆ ಒಂದು ಗಾದೆ ಇದೆಯಲ್ಲ, ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಹಾಗೆ.

ನಾನು: ಇದೆಲ್ಲ ರಾಜರ ಕಾಲ. ಈಗ ಉದ್ಯಮ ಕಟ್ಟಿ, ತೆರಿಗೆ ಕೊಟ್ಟು ಶ್ರೀಮಂತರಾಗುತ್ತಾರೆ. ಜಮ್‌ಶೆಟ್‌ಜಿ ಟಾಟಾ ಅವರನ್ನೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಅಂದರೆ ಆಟೊದವರಿಗೂ ಗೊತ್ತು.

ಶಾಸನ: ಆ ಹೆಸರು ನನಗೂ ಗೊತ್ತು. ಇಲ್ಲಿಂದ ಒಂದೆರಡು ಹರದಾರಿ ದೂರದಲ್ಲೇ ಅವರ ವಳವಣ ಡ್ಯಾಮಿದೆ. ಆ ಮನುಷ್ಯ ಕೊಟ್ಟದ್ದರಲ್ಲಿ ಸುಳ್ಳಿಲ್ಲ. 1898ರಲ್ಲಿ ತನ್ನ ಆಸ್ತಿಯಲ್ಲಿ ಸುಮಾರು 30 ಲಕ್ಷ ರೂಪಾಯಿಯಷ್ಟನ್ನು ವಿಜ್ಞಾನ ಸಂಸ್ಥೆಗೆಂದು ತೆಗೆದಿಟ್ಟ. ಮೈಸೂರಿನವರು 371 ಎಕರೆ ಕೊಟ್ಟರು. 1909ರಲ್ಲಿ ಸಂಸ್ಥೆ ಆಯಿತು, ನೋಡಲು ಅವನೇ ಇರಲಿಲ್ಲ, 1904ರಲ್ಲೇ ತೀರಿಕೊಂಡಿದ್ದ. ‘ಜಂಬೂದ್ವೀಪದಲ್ಲೇ ಶ್ರೇಷ್ಠ’ ಎಂದು ಅವನೂ ಬರೆಸಬಹುದಿತ್ತು. ಬರೆಸಲಿಲ್ಲ, ಸಂಸ್ಥೆಗೆ ತನ್ನ ಹೆಸರು ಇಡಬೇಡಿ ಎಂದವನು. ಈ ವಿಷಯದಲ್ಲಿ ನಮ್ಮ ಯಜಮಾನರಿಗಿಂತ ಅವನೇ ಮೇಲು.

ನಾನು: ಹಾಗಾದರೆ ಒಪ್ಪಿಕೊಂಡಿರಿ. ನ್ಯಾಯವಾಗಿ ಗಳಿಸಬಹುದು.

ಶಾಸನ: ಅವಸರ ಮಾಡಬೇಡ. ಈ ಬೆಟ್ಟದ ಮಳೆ ಎಲ್ಲಿಗೆ ಹೋಗಬೇಕು ಹೇಳು?

ನಾನು: ಇಂದ್ರಾಯಣಿಗೆ. ಅಲ್ಲಿಂದ ಭೀಮೆಗೆ, ಕಲಬುರಗಿ ದಾಟಿ ಕೃಷ್ಣೆಗೆ.

ಶಾಸನ: ನೀರಿಗೂ ಹಾಗೇ ಅನ್ನಿಸಿತ್ತು. 1911ರಲ್ಲಿ ಟಾಟಾ ಕಂಪನಿಯವರು ಲೋಣಾವಳಾದಲ್ಲಿ ಕಲ್ಲು ನೆಟ್ಟರು, ಕೆರೆಗಳನ್ನು ಕಟ್ಟಿದರು, ಪೂರ್ವಕ್ಕೆ ಹೋಗುವ ನೀರನ್ನು ಪಶ್ಚಿಮಕ್ಕೆ ತಿರುಗಿಸಿ ಘಟ್ಟದ ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಬೀಳಿಸಿದರು. 1915ರಲ್ಲಿ ಮುಂಬೈಯ ಗಿರಣಿಗಳಿಗೆ ಕರೆಂಟು ಹೋಯಿತು. ಕಲ್ಲಿದ್ದಲಿನ ಹೊಗೆ ಕಡಿಮೆಯಾಯಿತು, ಅದೂ ನಿಜ. ನೀರು ಮಾತ್ರ ಕೃಷ್ಣೆಯನ್ನು ನೋಡದೆ ಅರಬ್ಬಿ ಸಮುದ್ರಕ್ಕೆ ಹೋಯಿತು. ಆಮೇಲೆ ಮುಳಶಿ ಕಣಿವೆಗೆ ಬಂದರು. ಅಲ್ಲಿಯ ಮಾವಳದ ರೈತರು ಕರಜಿಕದವರ ಹಾಗೆ ಸುಮ್ಮನೆ ಕೂರಲಿಲ್ಲ. 1921ರ ರಾಮನವಮಿಯ ದಿನ ಕೆಲಸದ ಜಾಗಕ್ಕೆ ಹೋಗಿ ಕೂತರು.

ನಾನು: ಮುಳಶಿ ಸತ್ಯಾಗ್ರಹ. ಸೇನಾಪತಿ ಬಾಪಟರದ್ದು.

ಶಾಸನ: ಪಾಂಡುರಂಗ ಮಹಾದೇವ ಬಾಪಟ. ಸೇನಾಪತಿ ಎಂಬ ಹೆಸರು ಬಂದದ್ದೇ ಅಲ್ಲಿ. ಮೂರು ವರ್ಷ ಹೋರಾಡಿದರು, ಜೈಲಿಗೆ ಹೋದರು, ಡ್ಯಾಮು ಎದ್ದಿತು. ಸ್ವಾರಸ್ಯ ಇನ್ನೊಂದಿದೆ. ಆ ಗದ್ದೆಗಳಲ್ಲಿ ಬಹಳಷ್ಟು ಪುಣೆಯ ಸಾವಕಾರರ ಹತ್ತಿರ ಅಡವಿದ್ದವು. ರೈತರು ಪರಿಹಾರ ಬೇಡ, ಮಣ್ಣು ಬೇಕು ಎಂದರು. ಸಾವಕಾರರಿಗೆ ಮಣ್ಣಿನಿಂದ ಏನಾಗಬೇಕು? ದುಡ್ಡು ಎಣಿಸಿಕೊಂಡು ಎದ್ದರು. ಮುಳುಗುವಾಗಲೂ ಲಾಭ ಮಾಡುವವನಿಗೆ ನಿಮ್ಮ ಕಡೆ ಏನೆನ್ನುತ್ತಾರೆ?

ನಾನು: ಜಾಣ ಅನ್ನುತ್ತೇವೆ.

ಶಾಸನ: ಇಲ್ಲೂ ಹಾಗೇ ಅನ್ನುತ್ತಾರೆ. ಅಂದಹಾಗೆ, ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ ಈಗ ಏನೇನಿದೆ?

ನಾನು: ಪಂಚತಾರಾ ಹೋಟೆಲ್ಲು, ಕಂಪನಿ ಆಫೀಸುಗಳ ಗೋಪುರಗಳು.

ಶಾಸನ: ಸೋತವನ ಹೆಸರು ರಸ್ತೆಗೆ, ಗೆದ್ದವನ ಹೆಸರು ಕಟ್ಟಡಕ್ಕೆ. ಹಂಚಿಕೆ ಆಯಿತಲ್ಲ.

ನಾನು: ಸರಿ, ನೀರು, ಮಣ್ಣು, ಡ್ಯಾಮು ಏನೂ ಇಲ್ಲದ ಸಂಪತ್ತು ನೋಡೋಣ. ಸಾಫ್ಟ್‌ವೇರ್. 1981ರಲ್ಲಿ ಇದೇ ಪುಣೆಯಲ್ಲಿ ಏಳು ಜನ ಸೇರಿ ಇನ್ಫೋಸಿಸ್ ಶುರು ಮಾಡಿದರು. ಶಿಡ್ಲಘಟ್ಟದ ನಾರಾಯಣಮೂರ್ತಿಯವರಿಗೆ ಬಂಡವಾಳ ಕೊಟ್ಟದ್ದು ಹೆಂಡತಿ ಸುಧಾ ಅವರ 10,000 ರೂಪಾಯಿ ಉಳಿತಾಯ. ಯಾರ ಹಳ್ಳಿಯೂ ಮುಳುಗಲಿಲ್ಲ. ಕಂಪನಿಯ ಷೇರನ್ನು ನೌಕರರಿಗೂ ಹಂಚಿದರು.

ಶಾಸನ: ಹಂಚಿದ್ದು ದೊಡ್ಡ ಮಾತು. ನಮ್ಮ ಯಜಮಾನರು ಕಲ್ಲುಕುಟಿಗರಿಗೆ ಚೈತ್ಯದಲ್ಲಿ ಪಾಲು ಕೊಟ್ಟ ಹಾಗೆ ಎಲ್ಲೂ ಬರೆದಿಲ್ಲ. ಬಂಡವಾಳದ ಲೆಕ್ಕವೂ ಬಾಯಲ್ಲಿ ಹೇಳುವಷ್ಟು ಚೊಕ್ಕ ಇದೆ. ಆದರೆ ಪುಣೆಯ ಐಟಿ ಹುಡುಗರು ಭಾನುವಾರ ಬಂದು ಇದೇ ಆನೆಗಳಿಗೆ ಒರಗಿ ಮಾತಾಡುವುದು ನನ್ನ ಕಿವಿಗೂ ಬೀಳುತ್ತದೆ. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಿರಿ ಎಂದು 2023ರಲ್ಲಿ ಯಾರೋ ಹೇಳಿದರಂತಲ್ಲ?

ನಾನು: ಮೂರ್ತಿಯವರೇ. ದೇಶಕ್ಕಾಗಿ ಎಂದರು. ತಾವೂ ಅದಕ್ಕಿಂತ ಹೆಚ್ಚು ದುಡಿದಿದ್ದಾರೆ.

ಶಾಸನ: ದುಡಿದಿರಲಿಕ್ಕೆ ಸಾಕು. ಮಾರನೇ ವರ್ಷ ಮಾರ್ಚಿನಲ್ಲಿ ನಾಲ್ಕು ತಿಂಗಳ ಮೊಮ್ಮಗನಿಗೆ 15 ಲಕ್ಷ ಷೇರು ಉಡುಗೊರೆ ಕೊಟ್ಟರಂತೆ. ಬೆಲೆ ಎಷ್ಟು?

ನಾನು: ಅವತ್ತಿನ ದರದಲ್ಲಿ 240 ಕೋಟಿ.

ಶಾಸನ: ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಲ್ಲ! ಜಗತ್ತಿನಲ್ಲಿ ಪೂರಾ ಕಳಂಕವಿಲ್ಲದ ಕೋಟ್ಯಧಿಪತಿ ಆ ಮಗು ಒಂದೇ. ಯಾರಿಗೂ ಮೋಸ ಮಾಡಿಲ್ಲ, ಯಾರ ಸಂಬಳವನ್ನೂ ಹಿಡಿದಿಲ್ಲ, ಸುಳ್ಳು ಹೇಳಲು ಮಾತೇ ಬರುತ್ತಿರಲಿಲ್ಲ. ವಾರಕ್ಕೆ ಎಷ್ಟು ಗಂಟೆ ದುಡಿಯಿತು ಎಂದು ಮಾತ್ರ ಕೇಳಬೇಡ. ಮಲಗಿದ್ದು ಎಪ್ಪತ್ತು ಗಂಟೆಗೆ ಕಡಿಮೆ ಇರಲಾರದು.

ನಾನು: ಅಜ್ಜ ಮೊಮ್ಮಗನಿಗೆ ಕೊಟ್ಟರೆ ತಪ್ಪೇನು?

ಶಾಸನ: ತಪ್ಪು ಎಂದೆನೇ? ನಿನ್ನ ಅಜ್ಜ ನಿನಗೆ ತೋಟ ಕೊಡಲಿಲ್ಲವೇ? ನಾನು ಹೇಳುವುದು ಇಷ್ಟೆ: ಗಳಿಕೆಗೂ ದುಡಿಮೆಗೂ ಸಂಬಂಧ ಇದೆ ಎಂದು ಹುಡುಗರಿಗೆ ಉಪದೇಶ ಮಾಡುವಾಗ, ತೊಟ್ಟಿಲಿನ ಕಡೆಗೆ ಸ್ವಲ್ಪ ಪರದೆ ಎಳೆದುಕೊಳ್ಳಬೇಕು.

ನಾನು: ಈಗ ಕಾನೂನೇ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು.

ಶಾಸನ: ಶೇಕಡಾ ಎರಡಕ್ಕೆ ಬೋರ್ಡು ಎಷ್ಟು ದೊಡ್ಡದು ಹಾಕುತ್ತಾರೆ?

ನಾನು: ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ದಾನ ಮಾಡಿದವರು ಪಟ್ಟಿಯ ಮೇಲೆ ಅಜ್ಜ, ಅಪ್ಪ, ಊರು, ಅಂಗಡಿ, ಫೋನ್ ನಂಬರ್ ಎಲ್ಲ ಬರೆಸಿದ್ದಾರೆ. ಬೆಳಕು ಅಕ್ಷರಗಳ ಸಂದಿಯಿಂದ ಬರಬೇಕು.

ಶಾಸನ: ಅವರು ನಮ್ಮ ವಂಶದವರು. ಎರಡರ ಲೆಕ್ಕ ಗೋಡೆ ಮೇಲೆ, ತೊಂಬತ್ತೆಂಟರ ಲೆಕ್ಕ ಬೀರುವಿನೊಳಗೆ. ನನ್ನನ್ನು ಕೆತ್ತಿಸುವಾಗಲೂ ಕ್ರಮ ಇದೇ ಇತ್ತು.

ನಾನು: ಕೊನೆಗೆ ನಿಮ್ಮ ಅಭಿಪ್ರಾಯವೇನು? ಅತಿಯಾದ ಸಂಪತ್ತು ನ್ಯಾಯವಾಗಿ ಬರುತ್ತದೆಯೋ ಇಲ್ಲವೋ?

ಶಾಸನ: ಕಳ್ಳತನ ಮಾಡದೆ ಬರುತ್ತದೆ ತಮಾ. ಕಾನೂನು ಮುರಿಯದೆಯೂ ಬರುತ್ತದೆ. ಆದರೆ ಒಬ್ಬನ ಕೈಯಿಂದ ಬರುವುದಿಲ್ಲ. ಸಾಮಿ ಬಡಗಿ ಎಷ್ಟೇ ದುಡಿದರೂ ಜನ್ಮಕ್ಕೆ ಇಷ್ಟು ಬಾಗಿಲು ಅಂತ ಲೆಕ್ಕ ಇದೆ. ಶೆಟ್ಟರ ದುಡಿಮೆಗೆ ಆ ಲೆಕ್ಕ ಇಲ್ಲ, ಯಾಕೆಂದರೆ ಅದು ಶೆಟ್ಟರೊಬ್ಬರ ದುಡಿಮೆ ಅಲ್ಲ. ನನ್ನನ್ನೇ ನೋಡು. ಈ ಬಂಡೆಗೆ ಉಳಿ ಇಟ್ಟವನು ಒಬ್ಬ ಇದ್ದ. ಮಳೆಗಾಲದಲ್ಲಿ ಇಲ್ಲೇ ಅಟ್ಟಣಿಗೆ ಮೇಲೆ ಕೂತು ‘ಭೂತಪಾಲ’ ಎಂದು ಒಂದೊಂದೇ ಅಕ್ಷರ ಬಿಡಿಸಿದ. ಆ ಕೈಯ ಹೆಸರು ನನ್ನಲ್ಲಿಲ್ಲ. ಅವನಂಥವರ ಹೆಸರನ್ನೆಲ್ಲ ಕೆತ್ತಿಸಲು ಹೊರಟರೆ ಈ ಗೋಡೆ ಸಾಲುತ್ತಿರಲಿಲ್ಲ. ಗೋಡೆ ಸಾಲದಷ್ಟು ಜನರ ಪಾಲು ಇದ್ದದ್ದನ್ನು ಒಂದೇ ಹೆಸರಿಗೆ ಒಂದೇ ಸಾಲಿನಲ್ಲಿ ಬರೆದರೆ ಅದಕ್ಕೆ ಗಳಿಕೆ ಅನ್ನಬೇಕೋ ಬೇರೇನಾದರೂ ಅನ್ನಬೇಕೋ, ನೀನು ಬರೆಯುವವನು, ನೀನೇ ಶಬ್ದ ಹುಡುಕು.

ನಾನು: ಹಾಗಾದರೆ ದಾರಿಯೇ ಇಲ್ಲವೇ?

ಶಾಸನ: ದಾರಿ ತೋರಿಸಿದವರು ನಿಮ್ಮವರೇ ಇದ್ದಾರೆ. ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ ದಿನದ ಪಾಡಿಗಿಂತ ಎರಡು ಹಿಡಿ ಅಕ್ಕಿ ಹೆಚ್ಚು ತಂದದ್ದಕ್ಕೆ ಹೆಂಡತಿ ಲಕ್ಕಮ್ಮ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಅಂಥ ಆಡಿಟರ್ ಮನೆಯಲ್ಲಿದ್ದರೆ ಕೋಟಿ ಆಗುವುದೇ ಇಲ್ಲ, ಪ್ರಶ್ನೆಯೂ ಏಳುವುದಿಲ್ಲ. ನವಕೋಟಿ ನಾರಾಯಣ ಶ್ರೀನಿವಾಸ ನಾಯಕ ಹೆಂಡತಿಯ ಒಂದು ಮೂಗುತಿಯ ದೆಸೆಯಿಂದ ಪುರಂದರದಾಸನಾದ. ಇನ್ನು ಈ ಇಂದ್ರಾಯಣಿಯಲ್ಲೇ ಸ್ವಲ್ಪ ಕೆಳಗೆ ಇಳಿದರೆ ದೇಹು. ಅಲ್ಲಿಯ ತುಕಾರಾಮ ದಿನಸಿ ವ್ಯಾಪಾರದ, ಲೇವಾದೇವಿಯ ಮನೆಯವನು. ಬರಗಾಲ ಕಂಡ ಮೇಲೆ ತನ್ನ ಪಾಲಿಗೆ ಬಂದ ಸಾಲಪತ್ರಗಳನ್ನು ಹೊಳೆಗೆ ಹಾಕಿದ ಎಂದು ಜನ ಹೇಳುತ್ತಾರೆ. ಆಮೇಲೆ ಅವನ ಅಭಂಗಗಳನ್ನೂ ಅದೇ ಹೊಳೆಯಲ್ಲಿ ಮುಳುಗಿಸಬೇಕಾಯಿತು. ಹದಿಮೂರು ದಿನಕ್ಕೆ ಅಭಂಗ ತೇಲಿ ಬಂದವಂತೆ. ಸಾಲಪತ್ರ ತೇಲಿ ಬಂದ ಸುದ್ದಿ ಇಲ್ಲ. ಹೊಳೆಗೂ ಲೆಕ್ಕ ಗೊತ್ತು.

ನಾನು: ತುಕಾರಾಮರ ಹೆಂಡತಿ ಮಾತ್ರ, ಮನೆಯಲ್ಲಿ ಹಿಟ್ಟಿಲ್ಲ, ಇವರು ದಾನಕ್ಕೆ ಹೊರಟರು ಎಂದು ಬೈಯುತ್ತಿದ್ದರಂತೆ.

ಶಾಸನ: ಅವಳ ಲೆಕ್ಕವೂ ತಪ್ಪಲ್ಲ. ಮಕ್ಕಳು ಹಸಿದಿದ್ದವು. ಇಲ್ಲದವನ ದಾನಕ್ಕೂ ಬೇರೆಯವರ ಹೊಟ್ಟೆಯೇ ಬಂಡವಾಳ. ಸರಿ, ನಾನೂ ಒಂದು ಪ್ರಶ್ನೆ ಕೇಳಲೇ? ನಿನ್ನ ಉಳಿತಾಯ ಎಲ್ಲಿ ಹಾಕಿದ್ದೀಯ?

ನಾನು: ತಿಂಗಳಿಗೆ ಐದು ಸಾವಿರದ ಎಸ್‌ಐಪಿ. ಇಂಡೆಕ್ಸ್ ಫಂಡ್. ದೇಶದ ದೊಡ್ಡ ಐವತ್ತು ಕಂಪನಿಗಳಲ್ಲಿ ಹೋಗಿ ಕೂರುತ್ತದೆ.

ಶಾಸನ: ಆ ಐವತ್ತರಲ್ಲಿ ಯಾರ ಗದ್ದೆ ಮುಳುಗಿತು, ಯಾರ ಓವರ್‌ಟೈಮ್ ಬಾಕಿ ಉಳಿಯಿತು, ವಿಚಾರಿಸಿದ್ದೀಯಾ?

ನಾನು: ಎಷ್ಟು ಬೆಳೆದಿದೆ ಎಂದು ಮಾತ್ರ ನೋಡುತ್ತೇನೆ. ಹಸಿರು ಬಣ್ಣದಲ್ಲಿ ಬರುತ್ತದೆ.

ಶಾಸನ: ಹಾಗಾದರೆ ಬಾ, ನನ್ನ ಪಕ್ಕದಲ್ಲಿ ಜಾಗ ಖಾಲಿ ಇದೆ ಎಂದೆನಲ್ಲ. ನಿನಗೂ ಒಂದೇ ಸಾಲು ಸಾಕಾಗುತ್ತದೆ.

ಆ ಜಾಗವನ್ನು ಹತ್ತಿರದಿಂದ ನೋಡೋಣವೆಂದು ಪೆನ್ನು ಹಿಡಿದ ಕೈಯಲ್ಲೇ ಗೋಡೆಯ ಕಡೆ ಬಾಗಿದೆ. ಹಿಂದಿನಿಂದ ಸೀಟಿ ಊದಿದ ಸದ್ದು. ಪುರಾತತ್ವ ಇಲಾಖೆಯ ಕಾವಲುಗಾರ ಕೊಡೆ ಬೀಸುತ್ತ ಓಡಿಬಂದ. ಸಂರಕ್ಷಿತ ಸ್ಮಾರಕದ ಗೋಡೆಗೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಓದುಬರಹ ಬಲ್ಲವರೇ ಹೀಗೆ ಹೆಸರು ಕೆತ್ತಿದರೆ ಹೇಗೆ ಎಂದು ಮರಾಠಿಯಲ್ಲಿ ದಬಾಯಿಸಿದ. ಈ ಗೋಡೆಯ ತುಂಬ ಇರುವುದು ಹೆಸರುಗಳೇ ಅಲ್ಲವೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಗೋಡೆ ಮುಟ್ಟಿಲ್ಲ, ಇದರಲ್ಲಿ ಬರೆದುಕೊಳ್ಳುತ್ತಿದ್ದೆ ಎಂದು ನೋಟ್‌ಬುಕ್ ಚಾಚಿದೆ.

ಅವನು ಮೊದಲ ಪುಟ ತೆರೆದ. ಮೇಲೆ ಒಂದು ಪ್ರಶ್ನೆ, ಅದರ ಕೆಳಗೆ ಅರ್ಧ ಪುಟ ಬಿಳಿ. ಹಾಳೆಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದ.

‘ಇಲ್ಲಿ ಏನೂ ಬರೆದೇ ಇಲ್ಲವಲ್ಲ’ ಎಂದ. ನೋಟ್‌ಬುಕ್ ವಾಪಸು ಕೊಟ್ಟು, ಐದೂವರೆಗೆ ಗೇಟು ಹಾಕುತ್ತೇವೆ, ಬೇಗ ಇಳಿಯಿರಿ ಎಂದ.